ಸೋಡಾ ಬೇರೆ, ವಿನೆಗರ್ ಬೇರೆ ಇರಲಿ

ಅಡುಗೆ ಸೋಡಾದ ಮೇಲೆ ವಿನೆಗರ್ ಸುರಿದರೆ ಬುಸ್ ಅಂತ ನೊರೆ ಉಕ್ಕುತ್ತದೆ. ನೋಡಿದವರಿಗೆ ಕೊಳೆಯೆಲ್ಲ ಕಿತ್ತು ಬರುತ್ತಿದೆ ಅನ್ನಿಸುತ್ತದೆ. ಮನೆಯಲ್ಲೇ ಕ್ಲೀನರ್ ಮಾಡಿಕೊಳ್ಳಲು ಹೊರಟವರು ಮೊದಲು ಕೈ ಹಾಕುವುದೂ ಈ ಜೋಡಿಗೇ. ನಾನು ಕ್ಲೀನಿಂಗ್ ದ್ರವಗಳನ್ನು ತಯಾರಿಸುವ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಎಷ್ಟು ಸೋಡಾಗೆ ಎಷ್ಟು ವಿನೆಗರ್ ಹಾಕಬೇಕು ಅಂತ ಜನ ಕೇಳುತ್ತಲೇ ಇರುತ್ತಾರೆ. ಎರಡನ್ನೂ ಬೆರೆಸಲೇಬೇಡಿ ಅನ್ನುತ್ತೇನೆ.

ವಿನೆಗರ್ ಆಮ್ಲ, ಸೋಡಾ ಕ್ಷಾರ. ಸೇರಿದ ಕೂಡಲೇ ಒಂದು ಇನ್ನೊಂದರ ಶಕ್ತಿಯನ್ನು ತಿಂದುಹಾಕುತ್ತದೆ. ಉಳಿಯುವುದು ನೀರು, ಕಾರ್ಬನ್ ಡೈಆಕ್ಸೈಡ್ ಮತ್ತು ಸೋಡಿಯಂ ಅಸಿಟೇಟ್ ಅನ್ನುವ ಲವಣ. ಶೇ. 5ರ ವಿನೆಗರ್ 250 ಮಿಲಿ ಇದೆ ಅಂದುಕೊಳ್ಳಿ. ಅದರ ಆಮ್ಲವನ್ನೆಲ್ಲ ಮುಗಿಸಲು ಸುಮಾರು 17 ಗ್ರಾಂ ಸೋಡಾ ಸಾಕು, ಹೆಚ್ಚುಕಡಿಮೆ ನಾಲ್ಕು ಟೀ ಚಮಚ. ಅಷ್ಟರಿಂದಲೇ ಸುಮಾರು 5 ಲೀಟರ್ ಗ್ಯಾಸ್ ಹೊರಡುತ್ತದೆ. ಇದನ್ನು ಸ್ಪ್ರೇ ಬಾಟಲಿಗೆ ತುಂಬಿ ಮುಚ್ಚಳ ಬಿಗಿದರೆ ಬಾಟಲಿ ಸಿಡಿಯಬಹುದು. ಸಿಡಿಯದೇ ಉಳಿದರೂ ಒಳಗಿರುವುದು ಕೆಲಸಕ್ಕೆ ಬಾರದ ಲವಣದ ನೀರು.

ಬೇರೆ ಬೇರೆಯಾಗಿ ಬಳಸಿದರೆ ಎರಡೂ ಚೆನ್ನಾಗಿ ಕೆಲಸ ಮಾಡುತ್ತವೆ. ಯಾವುದನ್ನು ಯಾವಾಗ ಬಳಸಬೇಕು ಅನ್ನುವುದು ಕೊಳೆ ಎಂಥದು ಅನ್ನುವುದರ ಮೇಲೆ ಹೋಗುತ್ತದೆ.

ನಲ್ಲಿಯ ಬುಡದಲ್ಲಿ ಬಿಳಿಯ ಉಂಗುರದ ಹಾಗೆ ಗಟ್ಟಿಯಾಗಿ ಕೂರುತ್ತದಲ್ಲ, ಅದನ್ನು ತಗೊಳ್ಳಿ. ಗಡಸು ನೀರು ಆರಿದಾಗ ಉಳಿಯುವ ಕ್ಯಾಲ್ಸಿಯಂ ಕಾರ್ಬೊನೇಟ್ ಅದು, ಅಂದರೆ ಒಂಥರಾ ಸುಣ್ಣದ ಕಲ್ಲೇ. ಸಾಬೂನು ಹಾಕಿ ಎಷ್ಟು ತಿಕ್ಕಿದರೂ ಕರಗುವುದಿಲ್ಲ, ಆಮ್ಲಕ್ಕೆ ಮಾತ್ರ ಕರಗುತ್ತದೆ. ಟಿಶ್ಯೂ ಪೇಪರನ್ನು ವಿನೆಗರ್‌ನಲ್ಲಿ ಅದ್ದಿ ಆ ಉಂಗುರದ ಸುತ್ತ ಒತ್ತಿ ಸುತ್ತಿ. ಅರ್ಧ ಗಂಟೆ ಮುಟ್ಟಬೇಡಿ. ಆಮೇಲೆ ಬಿಚ್ಚಿ ನೋಡಿದರೆ ಕಲ್ಲಿನ ಹಾಗಿದ್ದದ್ದು ಮೆತ್ತಗಾಗಿರುತ್ತದೆ, ಅಂಚಿನಲ್ಲಿ ಸಣ್ಣ ಗುಳ್ಳೆಗಳು ಕಾಣುತ್ತವೆ. ಹಳೇ ಟೂತ್‌ಬ್ರಶ್‌ನಿಂದ ತಿಕ್ಕಿ, ನೀರಿನಿಂದ ಚೆನ್ನಾಗಿ ತೊಳೆದರೆ ಆಯಿತು. ಹಳೆಯ ದಪ್ಪ ಪದರವಾದರೆ ಇನ್ನೊಂದು ಸಲ ಮಾಡಬೇಕಾಗುತ್ತದೆ. ಇಂಥ ಕಡೆ ತೋಳಿನ ಬಲಕ್ಕಿಂತ ಕಾಯುವುದೇ ಜಾಸ್ತಿ ಕೆಲಸ ಮಾಡುತ್ತದೆ. ಸಿಂಪಡಿಸಿ ಆ ಕ್ಷಣವೇ ಒರೆಸಿಬಿಟ್ಟು, ನೈಸರ್ಗಿಕ ಕ್ಲೀನರ್‌ಗೆ ಶಕ್ತಿಯೇ ಇಲ್ಲ ಅನ್ನುವವರು ತುಂಬ ಜನ.

ಕೆಟಲ್ ಒಳಗಿನ ಪದರಕ್ಕೆ ನಾನು ವಿನೆಗರ್‌ಗಿಂತ ಸಿಟ್ರಿಕ್ ಆಸಿಡ್ ಪುಡಿಯನ್ನೇ ಇಷ್ಟಪಡುತ್ತೇನೆ. ವಾಸನೆ ಇಲ್ಲ, ಆಮ್ಲವಾಗಿಯೂ ಹೆಚ್ಚು ಗಟ್ಟಿ. ಒಂದು ಲೀಟರ್ ಬೆಚ್ಚಗಿನ ನೀರಿಗೆ 20 ಗ್ರಾಂ ಹಾಕಿ ಅರ್ಧ ಗಂಟೆ ಬಿಡಿ. ಕುದಿಸಬೇಡಿ. ಕುದಿಸಿದರೆ ಕ್ಯಾಲ್ಸಿಯಂ ಸಿಟ್ರೇಟ್ ಹುಟ್ಟಿ ಹೊಸ ಬಿಳಿ ಪದರವಾಗಿ ಕೂರಬಹುದು, ಅದನ್ನು ತೆಗೆಯುವುದು ಇನ್ನೂ ಕಷ್ಟ.

ಆಮ್ಲ ಸುಣ್ಣವನ್ನು ಕರಗಿಸುತ್ತದೆ ಅಂದಮೇಲೆ ಅಮೃತಶಿಲೆಯನ್ನೂ ಬಿಡುವುದಿಲ್ಲ. ಅದೂ ಕ್ಯಾಲ್ಸಿಯಂ ಕಾರ್ಬೊನೇಟೇ. ಅಮೃತಶಿಲೆಯ ನೆಲಕ್ಕೆ ವಿನೆಗರ್ ಹಾಕಿ ಒರೆಸಿದರೆ ಹೊಳಪು ಹೋಗಿ ಮಂಕಾದ ಮಚ್ಚೆ ಉಳಿಯುತ್ತದೆ. ಅದು ಕಲೆಯಲ್ಲ, ಕಲ್ಲೇ ಸವೆದದ್ದು. ಮತ್ತೆ ಪಾಲಿಶ್ ಮಾಡಿಸದೇ ಸರಿಯಾಗುವುದಿಲ್ಲ. ಫೋನಿನ ಪರದೆ ಮತ್ತು ಅಲ್ಯೂಮಿನಿಯಂ ಪಾತ್ರೆಯಿಂದಲೂ ವಿನೆಗರ್ ದೂರ ಇರಲಿ.

ಜಿಡ್ಡಿನ ಕತೆ ಪೂರ್ತಿ ಉಲ್ಟಾ. ಒಲೆಯ ಹಿಂದಿನ ಗೋಡೆ, ಎಕ್ಸಾಸ್ಟ್ ಫ್ಯಾನಿನ ರೆಕ್ಕೆಗಳ ಮೇಲಿನ ಅಂಟು ಜಿಡ್ಡಿಗೆ ಬೇಕಾದದ್ದು ಕ್ಷಾರ. ಕ್ಷಾರದ ಬಲವನ್ನು ಪಿಎಚ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ, 7ಕ್ಕಿಂತ ಮೇಲೆ ಹೋದಷ್ಟೂ ಬಲ ಜಾಸ್ತಿ. ಅಡುಗೆ ಸೋಡಾದ ಪಿಎಚ್ ಸುಮಾರು 8 ಅಷ್ಟೇ, ಹಾಗಾಗಿ ಹಳೇ ಜಿಡ್ಡಿನ ಮುಂದೆ ಅದು ಸಪ್ಪೆ. ಬಟ್ಟೆ ಒಗೆಯಲು ಬಳಸುವ ವಾಷಿಂಗ್ ಸೋಡಾ (ಸೋಡಿಯಂ ಕಾರ್ಬೊನೇಟ್) ಬೇರೆಯೇ ಪುಡಿ, ಅದರ ದ್ರಾವಣ 11ರ ಹತ್ತಿರ ಹೋಗುತ್ತದೆ. ಅರ್ಧ ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಚಮಚ ಹಾಕಿ, ಕೈಗವಸು ತೊಟ್ಟು ಒರೆಸಿ. ಬಣ್ಣ ಬಳಿದ ಜಾಗವಾದರೆ ಮೂಲೆಯಲ್ಲಿ ಸ್ವಲ್ಪ ಹಚ್ಚಿ ನೋಡಿ. ಅಲ್ಯೂಮಿನಿಯಂಗೆ ಇದೂ ಆಗದು, ಕಪ್ಪಾಗುತ್ತದೆ. ಅಡುಗೆ ಸೋಡಾ ನಿಜಕ್ಕೂ ಗೆಲ್ಲುವುದು ತಿಕ್ಕುವ ಪುಡಿಯಾಗಿ. ಸ್ವಲ್ಪ ನೀರು ಹಾಕಿ ಹಿಟ್ಟಿನ ಹಾಗೆ ಕಲಸಿ ಸಿಂಕ್ ತಿಕ್ಕಿದರೆ ಗೀರು ಬೀಳುವುದು ಕಡಿಮೆ.

ದಿನನಿತ್ಯದ ಕೊಳೆಗೆ ಇದ್ಯಾವುದೂ ಬೇಡ, ಸಾಬೂನು ನೀರು ಸಾಕು. ಅದಕ್ಕೆ ವಿನೆಗರ್ ಸೇರಿಸುವ ಆಸೆ ಬೇಡ. ಸಾಬೂನು ಒಡೆದು ಕೊಬ್ಬಿನಾಮ್ಲವಾಗಿ ಬೇರ್ಪಡುತ್ತದೆ, ಬಿಳಿ ಚೂರುಗಳು ತೇಲುತ್ತವೆ. ಗಡಸು ನೀರಿರುವ ಮನೆಗೆ ಅಂಟುವಾಳ ಒಳ್ಳೆಯದು. ಅದರ ನೊರೆ ಕಾಯಿಯಲ್ಲೇ ಇರುವ ಸಪೋನಿನ್ ಅನ್ನುವ ವಸ್ತುವಿನಿಂದ ಬರುವುದರಿಂದ, ಸಾಬೂನಿನ ಹಾಗೆ ಕ್ಯಾಲ್ಸಿಯಂ ಜೊತೆ ಸೇರಿ ಬೂದು ಗಸಿಯಾಗುವುದಿಲ್ಲ. ಕಣ್ಣಿಗೆ ಬಿದ್ದರೆ ಮಾತ್ರ ಉರಿಯುತ್ತದೆ.

ಹಣ್ಣಿನ ಸಿಪ್ಪೆ, ಬೆಲ್ಲ, ನೀರು ಹಾಕಿ ಮೂರು ತಿಂಗಳು ಕೊಳೆಸಿ ಮಾಡುವ ಬಯೋ ಎಂಜೈಮ್ ಬಗ್ಗೆಯೂ ಕೇಳುತ್ತಾರೆ. ಮಾಡಬಾರದು ಅನ್ನುವಂಥದ್ದೇನಿಲ್ಲ. ಅದರಲ್ಲಿ ಕೆಲಸ ಮಾಡುವುದು ಬಹುಪಾಲು ಹುಳಿತಾಗ ಹುಟ್ಟಿದ ಆಮ್ಲಗಳೇ, ಹಾಗಾಗಿ ವಿನೆಗರ್ ಬಳಸುವ ಕಡೆ ಬಳಸಿ, ಅಮೃತಶಿಲೆಗೆ ಬೇಡ. ಮೊದಲ ವಾರಗಳಲ್ಲಿ ದಿನಾ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಿ.

ಇನ್ನು ಕ್ರಿಮಿಗಳ ವಿಷಯ. ಇಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ. ವಿನೆಗರ್ ಕೆಲವು ಬ್ಯಾಕ್ಟೀರಿಯಾಗಳನ್ನು ಕೊಲ್ಲಬಹುದು, ಆದರೆ ನೆಚ್ಚಿಕೊಳ್ಳುವಂಥ ಸೋಂಕುನಾಶಕ ಅಲ್ಲ. ಮನೆಯಲ್ಲಿ ಯಾರಿಗಾದರೂ ವಾಂತಿ ಭೇದಿ ಇದ್ದಾಗ, ಹಸಿ ಮಾಂಸ ಕತ್ತರಿಸಿದ ಮಣೆಯ ಮೇಲೆ, ಮೊದಲು ಸಾಬೂನಿನಿಂದ ತೊಳೆದು ಆಮೇಲೆ ಬಾಟಲಿಯ ಮೇಲೆ ಬರೆದ ಅಳತೆಯಲ್ಲಿ ಬ್ಲೀಚ್ ಬಳಸಿ. ನೈಸರ್ಗಿಕದ ಹಟ ಅಲ್ಲಿ ಬೇಡ.

ಬ್ಲೀಚ್ ಇರುವ ಕಡೆ ವಿನೆಗರ್, ನಿಂಬೆರಸ, ಸಿಟ್ರಿಕ್ ಆಸಿಡ್, ಟಾಯ್ಲೆಟ್‌ಗೆ ಹಾಕುವ ಆಸಿಡ್ ಯಾವುದೂ ಸೇರಬಾರದು, ಕ್ಲೋರಿನ್ ಗ್ಯಾಸ್ ಹುಟ್ಟುತ್ತದೆ. ಅಮೋನಿಯಾ ಸೇರಿದರೆ ಕ್ಲೋರಮಿನ್. ಎರಡೂ ಶ್ವಾಸಕೋಶಕ್ಕೆ ವಿಷ. ಕಿಟಕಿಯಿಲ್ಲದ ಬಚ್ಚಲಲ್ಲಿ ಒಂದರ ಮೇಲೊಂದು ಸುರಿದು ತಿಕ್ಕಿದಾಗಲೇ ಇದು ಆಗುವುದು. ಕಣ್ಣು ಉರಿದು ಕೆಮ್ಮು ಬಂದರೆ ಸುರಿದದ್ದನ್ನು ತೊಳೆಯಲು ನಿಲ್ಲಬೇಡಿ. ತಕ್ಷಣ ಹೊರಗೆ ಬನ್ನಿ, ಉಸಿರಾಟ ಸರಿಹೋಗದಿದ್ದರೆ ವೈದ್ಯರ ಹತ್ತಿರ ಹೋಗಿ. ವಿನೆಗರನ್ನು ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಒಂದೇ ಬಾಟಲಿಯಲ್ಲಿ ಇಡುವುದೂ ತಪ್ಪು. ಕಣ್ಣು, ಚರ್ಮ ಸುಡುವ ಪೆರಾಸಿಟಿಕ್ ಆಸಿಡ್ ಆಗುತ್ತದೆ.

ಪರಿಮಳಕ್ಕೆ ಎಣ್ಣೆ ಹಾಕುವವರು, ಮನೆಯಲ್ಲಿ ಬೆಕ್ಕಿದ್ದರೆ ಟೀ ಟ್ರೀ ಎಣ್ಣೆ ಬಿಡಿ. ಅದು ಬೆಕ್ಕಿಗೆ ವಿಷ. ಅಂಟುವಾಳದ ನೀರು ಹೊರಗಿಟ್ಟರೆ ಬೇಗ ಹುಳಿಯುತ್ತದೆ, ವಾರಕ್ಕಾಗುವಷ್ಟೇ ಮಾಡಿ ಫ್ರಿಜ್‌ನಲ್ಲಿಡಿ. ಪ್ರತಿ ಬಾಟಲಿಯ ಮೇಲೂ ಒಳಗೇನಿದೆ, ಯಾವಾಗ ಮಾಡಿದ್ದು ಅಂತ ಬರೆಯಿರಿ. ಜ್ಯೂಸ್‌, ನೀರಿನ ಹಳೇ ಬಾಟಲಿಗೆ ಮಾತ್ರ ಯಾವುದನ್ನೂ ತುಂಬಬೇಡಿ. ಮಕ್ಕಳು ಚೀಟಿ ಓದುವುದಿಲ್ಲ, ಬಾಟಲಿ ನೋಡಿ ಬಾಯಿಗಿಡುತ್ತಾರೆ.