ಗೋಸುಂಬೆ ಮರಿ ತಿನ್ನುತ್ತಿಲ್ಲವೇ? ಮೊದಲು ಥರ್ಮಾಮೀಟರ್ ನೋಡಿ

ಸಾಕಿದ ಗೋಸುಂಬೆ ಮರಿ ತಿನ್ನುವುದನ್ನು ಬಿಟ್ಟರೆ ಮನೆಯವರ ಗಮನವೆಲ್ಲ ಊಟದ ಮೇಲೆಯೇ ಹೋಗುತ್ತದೆ. ಹುಳು ಬದಲಾಯಿಸುತ್ತಾರೆ, ಮೂತಿಯ ಹತ್ತಿರ ಹಿಡಿದು ತೋರಿಸುತ್ತಾರೆ, ಕೊನೆಗೆ ಬಾಯಿ ಬಿಡಿಸಿ ತುರುಕಲು ನೋಡುತ್ತಾರೆ. ಪ್ರೀತಿಯಿಂದಲೇ ಮಾಡುವ ಕೆಲಸ, ನಿಜ. ಆದರೆ ಗೋಸುಂಬೆಗೆ ಊಟದ ಪ್ರಶ್ನೆ ಕೊನೆಯದು. ಅದಕ್ಕೂ ಮುಂಚೆ ಬಿಸಿ, ಬೆಳಕು, ನೀರು, ನೆಮ್ಮದಿ ಇವನ್ನು ನೋಡಬೇಕು. ಈ ಸರದಿ ತಪ್ಪಿದರೆ ಒಳ್ಳೆಯ ಊಟವೂ ಮರಿಗೆ ಕೆಡುಕು ಮಾಡುತ್ತದೆ.

ನಾನಿಲ್ಲಿ ಹೇಳುತ್ತಿರುವುದು ವೇಲ್ಡ್ ಕಮೀಲಿಯನ್ ಎಂಬ ಜಾತಿಯ ಬಗ್ಗೆ. ತಲೆಯ ಮೇಲೆ ಎತ್ತರದ ಶಿಖೆ ಇರುವ ಈ ಗೋಸುಂಬೆಯ ತವರು ಯೆಮನ್ ಮತ್ತು ಸೌದಿ ಅರೇಬಿಯಾದ ನೈಋತ್ಯ ಭಾಗ. ಒಂದೇ ಸಲಕ್ಕೆ ಹತ್ತಾರು ಮೊಟ್ಟೆ ಇಡುತ್ತದೆ, ಪಂಜರದಲ್ಲೂ ಮರಿ ಮಾಡುತ್ತದೆ. ಹಾಗಾಗಿ ಅಮೆರಿಕ ಮತ್ತು ಯುರೋಪಿನ ಅಂಗಡಿಗಳಲ್ಲಿ ಇದರ ಮರಿಗಳು ಸುಲಭವಾಗಿ ಸಿಗುತ್ತವೆ. ಅಲ್ಲಿ ನೆಲೆಸಿದ ಕನ್ನಡದ ಮನೆಗಳಿಗೂ ಮಕ್ಕಳ ಹಟಕ್ಕೆ ಬರಬಹುದು.

ಕರ್ನಾಟಕದ ಬೇಲಿ, ಪೊದೆಗಳಲ್ಲಿ ಕಾಣುವ ನಮ್ಮ ಗೋಸುಂಬೆ ಬೇರೆ ಜಾತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ರಕ್ಷಣೆ ಕೊಟ್ಟಿದೆ. ಅದನ್ನು ಹಿಡಿದು ಸಾಕುವಂತಿಲ್ಲ. ಗಾಯಗೊಂಡ ಮರಿ ಸಿಕ್ಕರೆ ಅರಣ್ಯ ಇಲಾಖೆಗೆ ತಿಳಿಸಿ, ಮನೆಗೆ ತರಬೇಡಿ. ಹೊರದೇಶದ ಗೋಸುಂಬೆಯನ್ನು ಭಾರತದಲ್ಲಿ ಸಾಕುವವರಿಗೂ ನೋಂದಣಿಯ ನಿಯಮಗಳಿವೆ.

ಈಗ ಬಿಸಿಯ ವಿಷಯ. ಗೋಸುಂಬೆಯ ಮೈ ನಮ್ಮ ಹಾಗೆ ಒಳಗಿನಿಂದ ಬಿಸಿಯಾಗುವುದಿಲ್ಲ. ಬಿಸಿಲಿನಿಂದಲೋ ಬಲ್ಬಿನಿಂದಲೋ ಶಾಖ ಪಡೆಯಬೇಕು. ಮೈ ತಣ್ಣಗಿದ್ದರೆ ಹಸಿವೆ ಹುಟ್ಟುವುದಿಲ್ಲ, ತಿಂದದ್ದು ಅರಗುವುದೂ ಇಲ್ಲ. ಇದರ ಜೊತೆಗೆ ಬೇಟೆಯ ಕಷ್ಟವೂ ಇದೆ. ಅಮೆರಿಕದ ಸಂಶೋಧಕರಾದ ಕ್ರಿಸ್ಟೋಫರ್ ಆಂಡರ್ಸನ್ ಮತ್ತು ಸ್ಟೀಫನ್ ಡೆಬನ್ 2010ರಲ್ಲಿ ಇದೇ ವೇಲ್ಡ್ ಗೋಸುಂಬೆಗಳ ನಾಲಿಗೆಯನ್ನು ಬೇರೆ ಬೇರೆ ತಾಪಮಾನದಲ್ಲಿ ಅಳೆದರು. ನಾಲಿಗೆ ಹೊರಗೆ ಹಾರುವುದು ಸ್ನಾಯುವಿನ ನೇರ ಬಲದಿಂದಲ್ಲ. ಸ್ನಾಯು ಮೊದಲು ಒಳಗಿನ ಹಿಗ್ಗುವ ಪೊರೆಗಳನ್ನು ಎಳೆದು ಬಿಗಿ ಮಾಡುತ್ತದೆ. ಆ ಬಿಗಿ ಒಮ್ಮೆಗೇ ಸಡಿಲಿದಾಗ ಬಿಲ್ಲಿನಿಂದ ಬಾಣ ಹೊರಟಂತೆ ನಾಲಿಗೆ ಹಾರುತ್ತದೆ. ಪೊರೆಗೆ ಚಳಿಯ ಹಂಗು ಕಡಿಮೆ. ತಾಪಮಾನ 10 ಡಿಗ್ರಿ ಇಳಿದರೂ ನಾಲಿಗೆ ಹಾರುವ ಚುರುಕು ಶೇ. 10ರಿಂದ 19ರಷ್ಟು ಮಾತ್ರ ಕಡಿಮೆಯಾಯಿತು. ಆದರೆ ನಾಲಿಗೆಯನ್ನು ವಾಪಸ್ ಎಳೆದುಕೊಳ್ಳುವುದು ಪೂರ್ತಿ ಸ್ನಾಯುವಿನ ಕೆಲಸ. ಅದರ ಚುರುಕು ಶೇ. 42ಕ್ಕೂ ಜಾಸ್ತಿ ಕುಸಿಯಿತು.

ಈ ಪ್ರಯೋಗ ನನಗೆ ತುಂಬ ಇಷ್ಟ. ಪಂಜರದ ಮುಂದೆ ಕೂತು ಮರಿಯನ್ನು ನೋಡುವ ರೀತಿಯನ್ನೇ ಇದು ಬದಲಾಯಿಸುತ್ತದೆ. ಮರಿ ನಾಲಿಗೆ ಬೀಸುತ್ತದೆ, ಹುಳುವಿಗೆ ತಗಲುತ್ತದೆ, ಆದರೆ ಎಳೆದುಕೊಳ್ಳಲು ಒದ್ದಾಡುತ್ತದೆ ಎಂದರೆ ಅದಕ್ಕೆ ಹುಳು ಇಷ್ಟವಿಲ್ಲ ಅಂತಲ್ಲ. ಮೈ ತಣ್ಣಗಿರಬಹುದು ಅಥವಾ ಸ್ನಾಯು ಸೋತಿರಬಹುದು. ನಾಲಿಗೆ ಬೀಸಲು ಮನಸ್ಸೇ ಮಾಡದ ಮರಿಯ ಕಥೆ ಬೇರೆ. ಆದ್ದರಿಂದ 'ತಿನ್ನುತ್ತಿಲ್ಲ' ಎಂದು ಗಾಬರಿಯಾಗುವ ಮೊದಲು ಹೇಗೆ ತಿನ್ನುತ್ತಿಲ್ಲ ಎಂಬುದನ್ನು ನೋಡಿ. ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಂಡರೆ ವೈದ್ಯರಿಗೂ ಸಹಾಯ.

ಮರಿ ಬಿಸಿ ಕಾಯಿಸಿಕೊಳ್ಳುವ ಕೊಂಬೆಯ ಹತ್ತಿರ ಸುಮಾರು 27ರಿಂದ 29 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಪಂಜರದ ಉಳಿದ ಭಾಗ ಅದಕ್ಕಿಂತ ತಂಪಾಗಿರಬೇಕು. ಬಿಸಿ ಜಾಸ್ತಿ ಅನ್ನಿಸಿದಾಗ ಸರಿದು ಹೋಗಲು ಅದಕ್ಕೆ ಜಾಗ ಬೇಕಲ್ವಾ? ದೊಡ್ಡ ಗೋಸುಂಬೆಗೆ ಹೇಳಿದ ಬಿಸಿಯನ್ನು ಮರಿಗೆ ಕೊಡಬೇಡಿ. ಮೊಟ್ಟೆಯಿಂದ ಹೊರಬಂದಾಗ ಅದರ ತೂಕ ಒಂದೆರಡು ಗ್ರಾಂ ಅಷ್ಟೆ. ಅಷ್ಟು ಪುಟ್ಟ ಮೈ ಬೇಗ ಕಾಯುತ್ತದೆ, ಬೇಗ ಒಣಗುತ್ತದೆ. ಪಂಜರದ ಗೋಡೆಗೆ ಅಂಟಿಸಿದ ಥರ್ಮಾಮೀಟರ್ ಗೋಡೆಯ ಲೆಕ್ಕವನ್ನಷ್ಟೇ ಹೇಳುತ್ತದೆ. ಮರಿ ಕೂರುವ ಕೊಂಬೆಯಲ್ಲೇ ಅಳೆಯಬೇಕು.

ಬಿಸಿ ಸರಿಯಿದ್ದರೆ ಬೆಳಕಿಗೆ ಬನ್ನಿ. ಬೆಳಕು ಅಂದರೆ ಕಣ್ಣಿಗೆ ಕಾಣುವ ಬೆಳಕು ಮಾತ್ರ ಅಲ್ಲ, ಯುವಿಬಿ ಎಂಬ ಅತಿನೇರಳೆ ಕಿರಣವೂ ಬೇಕು. ಈ ಕಿರಣ ಚರ್ಮಕ್ಕೆ ಬಿದ್ದಾಗ ಅಲ್ಲಿ ವಿಟಮಿನ್ ಡಿ3 ತಯಾರಾಗುವುದು ಶುರುವಾಗುತ್ತದೆ. ಆ ಕೆಲಸ ಮುಗಿಯಲು ಮೈಯ ಬಿಸಿಯೂ ಬೇಕು. ಡಿ3 ಇದ್ದರೆ ಮಾತ್ರ ಕರುಳು ಕ್ಯಾಲ್ಸಿಯಂ ಅನ್ನು ಸರಿಯಾಗಿ ಹೀರಿಕೊಳ್ಳುತ್ತದೆ. ಇಲ್ಲದಿದ್ದರೆ ದೇಹ ತನ್ನ ಮೂಳೆಯನ್ನೇ ಕರಗಿಸಿ ರಕ್ತಕ್ಕೆ ಕ್ಯಾಲ್ಸಿಯಂ ಒದಗಿಸುತ್ತದೆ. ಬೆಳೆಯುವ ಮರಿಯಲ್ಲಿ ಇದು ವಾರಗಳಲ್ಲೇ ಗೊತ್ತಾಗುತ್ತದೆ. ಕಾಲು ಬಾಗುತ್ತದೆ, ದವಡೆ ಮೆತ್ತಗಾಗುತ್ತದೆ, ಕೊಂಬೆಯ ಮೇಲಿನ ಹಿಡಿತ ಸಡಿಲವಾಗುತ್ತದೆ, ಮೈ ನಡುಗುತ್ತದೆ. ಸ್ನಾಯುವಿಗೂ ಕ್ಯಾಲ್ಸಿಯಂ ಬೇಕಾದ್ದರಿಂದ ನಾಲಿಗೆ ದೂರಕ್ಕೆ ಹಾರುವುದಿಲ್ಲ. ಅಂದರೆ ಮರಿ ಊಟ ಬಿಟ್ಟದ್ದು ರೋಗದ ಮೊದಲ ಹೆಜ್ಜೆ ಅಲ್ಲ. ಒಳಗೆ ತುಂಬ ದಿನದಿಂದ ನಡೆದದ್ದು ಈಗ ಹೊರಗೆ ಕಾಣುತ್ತಿದೆ.

ಗೋಸುಂಬೆಗಳಿಗೆ ಈ ಬೆಳಕಿನ ಬಗ್ಗೆ ತಮ್ಮದೇ ತಿಳಿವಳಿಕೆ ಇದೆ. ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದ ಸಂಶೋಧಕರು ಮಡಗಾಸ್ಕರ್ ಮೂಲದ ಪ್ಯಾಂಥರ್ ಗೋಸುಂಬೆಗಳ ಮೇಲೆ ಪ್ರಯೋಗ ಮಾಡಿ 2009ರಲ್ಲಿ ಪ್ರಕಟಿಸಿದರು. ಊಟದಲ್ಲಿ ಡಿ3 ಕಡಿಮೆ ಸಿಕ್ಕ ಗೋಸುಂಬೆಗಳು ಅತಿನೇರಳೆ ಬೆಳಕಿಗೆ ಜಾಸ್ತಿ ಮೈಯೊಡ್ಡಿದವು. ಸಾಕಷ್ಟು ಸಿಕ್ಕವು ಅದರಿಂದ ದೂರ ಸರಿದವು. ತಮಗೆ ಎಷ್ಟು ಬೇಕೆಂದು ಅವೇ ಲೆಕ್ಕ ಹಾಕಿಕೊಳ್ಳುತ್ತವೆ! ಆದರೆ ಆ ಲೆಕ್ಕಕ್ಕೆ ಬೆಳಕೂ ಇರಬೇಕು, ನೆರಳೂ ಇರಬೇಕು. ಪಂಜರದಲ್ಲಿ ಎರಡನ್ನೂ ಒದಗಿಸುವ ಹೊಣೆ ನಮ್ಮದು.

ಇಲ್ಲಿ ಮೋಸ ಹೋಗುವುದು ಸುಲಭ. ಕಿಟಕಿಯ ಗಾಜು ಯುವಿಬಿಯನ್ನು ಬಹುಪಾಲು ತಡೆಯುತ್ತದೆ. ಗಾಜಿನ ಹಿಂದೆ ಬಿಸಿಲಿಗಿಟ್ಟ ಪಂಜರಕ್ಕೆ ಶಾಖ ಮಾತ್ರ ಸಿಗುತ್ತದೆ. ಯುವಿಬಿ ಸೂಸುವ ದೀಪದ ಟ್ಯೂಬು ಹಳೆಯದಾದರೆ ಬೆಳಕು ಮೊದಲಿನಂತೆಯೇ ಕಾಣುತ್ತದೆ, ಆದರೆ ಕಿರಣ ಕಡಿಮೆಯಾಗಿರುತ್ತದೆ. ಆರು ತಿಂಗಳಿಂದ ಒಂದು ವರ್ಷದೊಳಗೆ ಬದಲಾಯಿಸಬೇಕು. ತಂದ ತಾರೀಖನ್ನು ಟ್ಯೂಬಿನ ಮೇಲೇ ಬರೆದಿಡಿ.

ನೀರು. ಒಳಗೆ ಕುಸಿದ ಕಣ್ಣು, ಸಡಿಲ ಚರ್ಮ, ಹಿಕ್ಕೆಯ ಬಿಳಿ ಭಾಗ ಹಳದಿ ಅಥವಾ ಕಿತ್ತಳೆ ಬಣ್ಣಕ್ಕೆ ತಿರುಗಿರುವುದು, ಇವೆಲ್ಲ ನೀರು ಸಾಲದ ಗುರುತುಗಳು. ಬಟ್ಟಲಲ್ಲಿ ನಿಂತ ನೀರನ್ನು ಗೋಸುಂಬೆ ಸಾಮಾನ್ಯವಾಗಿ ಕುಡಿಯುವುದಿಲ್ಲ. ಎಲೆಯ ಮೇಲೆ ಹೊಳೆಯುವ ಹನಿ ಕಂಡರೆ ನೆಕ್ಕುತ್ತದೆ. ಆದ್ದರಿಂದ ಎಲೆಗಳ ಮೇಲೆ ತುಂತುರು ಸಿಂಪಡಿಸಬೇಕು, ಹನಿ ತೊಟ್ಟಿಕ್ಕುವ ವ್ಯವಸ್ಥೆ ಇದ್ದರೆ ಇನ್ನೂ ಒಳ್ಳೆಯದು. ಆಮೇಲೆ ಪಂಜರ ಒಣಗಲು ಬಿಡಿ. ಸದಾ ಒದ್ದೆಯಾಗಿರುವ, ಗಾಳಿಯಾಡದ, ತಣ್ಣನೆಯ ಪಂಜರದಲ್ಲಿ ಉಸಿರಾಟದ ಸೋಂಕು ಬೇಗ ಬರುತ್ತದೆ. ಪಿಚಕಾರಿಯಿಂದ ಬಾಯೊಳಗೆ ನೀರು ಚಿಮ್ಮಿಸುವುದಂತೂ ಬೇಡ. ಅದರ ಶ್ವಾಸನಾಳದ ಬಾಯಿ ಬಾಯೊಳಗೆ ಮುಂದೆಯೇ ಇರುತ್ತದೆ. ಒಂದು ಹನಿ ಅಡ್ಡದಾರಿ ಹಿಡಿದರೂ ಶ್ವಾಸಕೋಶಕ್ಕೆ ಹೋಗುತ್ತದೆ.

ನೆಮ್ಮದಿಯನ್ನು ಥರ್ಮಾಮೀಟರಿನಿಂದ ಅಳೆಯಲು ಆಗುವುದಿಲ್ಲ. ಅದಕ್ಕೆ ಮರಿಯ ಬಣ್ಣ ಸ್ವಲ್ಪ ಸುಳಿವು ಕೊಡುತ್ತದೆ. ದಿನವಿಡೀ ಕಪ್ಪಾಗಿ, ಮೈ ಚಪ್ಪಟೆ ಮಾಡಿಕೊಂಡು, ಎಲೆಯ ಹಿಂದೆಯೇ ಇದ್ದರೆ ಅದಕ್ಕೆ ಭಯವಿದೆ ಅಥವಾ ಚಳಿಯಾಗಿದೆ. ಕಪ್ಪು ಬಣ್ಣ ಶಾಖ ಹೀರಲೂ ನೆರವಾಗುತ್ತದೆ, ಹಾಗಾಗಿ ಮೊದಲು ಬಿಸಿ ನೋಡಿ ಎಂದದ್ದು. ಹೊಸ ಮನೆಗೆ ಬಂದ ಮರಿ ಕೆಲವು ದಿನ ಸರಿಯಾಗಿ ತಿನ್ನದಿರುವುದು ಸಾಮಾನ್ಯ. ಸುಮ್ನೆ ಬಿಡಿ. ಕೈಗೆತ್ತಿಕೊಳ್ಳಬೇಡಿ. ಅಡಗಲು ಎಲೆ ತುಂಬಿದ ಗಿಡ ಇಡಿ. ನಾಯಿ, ಬೆಕ್ಕು, ಟಿವಿಯಿಂದ ದೂರ, ನಮ್ಮ ಕಣ್ಣಿನ ಮಟ್ಟಕ್ಕೆ ಅಥವಾ ಅದಕ್ಕಿಂತ ಎತ್ತರದಲ್ಲಿ ಪಂಜರ ಇರಲಿ.

ಒಂದೇ ಪಂಜರದಲ್ಲಿ ಹಲವು ಮರಿಗಳಿದ್ದರೆ ಬಲವಾದದ್ದು ತಿನ್ನುತ್ತದೆ, ಬಡಪಾಯಿ ಸೊರಗುತ್ತದೆ. ತಿನ್ನದ ಮರಿಯನ್ನು ಬೇರೆ ಮಾಡುವುದೇ ಸರಿ. ಆದರೆ ಇದರಲ್ಲಿ ಇನ್ನೊಂದು ಎಳೆಯೂ ಇದೆ. ಹುಟ್ಟಿದಾಗಿನಿಂದ ಒಂಟಿಯಾಗಿ ಬೆಳೆದ ವೇಲ್ಡ್ ಮರಿಗಳು ಗುಂಪಿನಲ್ಲಿ ಬೆಳೆದವಕ್ಕಿಂತ ಅಳುಕಿನವಾಗಿದ್ದವು, ಬೇಟೆಯಲ್ಲೂ ಹಿಂದೆ ಬಿದ್ದವು ಎಂದು 2014ರ ಒಂದು ಅಧ್ಯಯನ ತೋರಿಸಿತು. ಒಂಟಿ ಪ್ರಾಣಿ ಎಂದು ನಾವು ತೀರ್ಮಾನಿಸಿದ ಈ ಜೀವಕ್ಕೂ ಮೊದಲ ದಿನಗಳಲ್ಲಿ ಒಡಹುಟ್ಟಿದವರಿಂದ ಕಲಿಯುವುದು ಇದ್ದೀತು. ಹಾಗೆಂದು ಕಾಯಿಲೆಯ ಮರಿಯನ್ನು ಗುಂಪಿನಲ್ಲಿ ಬಿಡಬೇಡಿ.

ಇಷ್ಟೆಲ್ಲ ನೋಡಿದ ಮೇಲೆ ಊಟ. ಮರಿಯ ಎರಡು ಕಣ್ಣುಗಳ ನಡುವಿನ ಅಗಲಕ್ಕಿಂತ ಹುಳು ದೊಡ್ಡದಿರಬಾರದು. ಹಣ್ಣಿನ ನೊಣ, ಮಿಡತೆಯ ಬಳಗದ ಕ್ರಿಕೆಟ್ ಹುಳುವಿನ ಆಗಷ್ಟೇ ಹುಟ್ಟಿದ ಮರಿ ಸರಿಯಾಗುತ್ತವೆ. ಕ್ರಿಕೆಟ್ ಹುಳುವಿನಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹಲವು ಪಟ್ಟು ಜಾಸ್ತಿ. ಅದಕ್ಕೇ ಹುಳುವಿನ ಮೇಲೆ ಕ್ಯಾಲ್ಸಿಯಂ ಪುಡಿ ಉದುರಿಸಿ ಕೊಡುತ್ತಾರೆ. ಹುಳುವಿಗೂ ಸೊಪ್ಪು, ಕ್ಯಾರೆಟ್ ಹಾಕಿ ಬೆಳೆಸಬೇಕು. ತಿನ್ನದೆ ಉಳಿದ ಕ್ರಿಕೆಟ್ ಹುಳುಗಳನ್ನು ರಾತ್ರಿ ಪಂಜರದಲ್ಲಿ ಬಿಡಬೇಡಿ, ಮಲಗಿದ ಮರಿಯನ್ನೇ ಕಚ್ಚುತ್ತವೆ. ಮೊಟ್ಟೆಯೊಡೆದು ಬಂದ ಮೊದಲ ಒಂದೆರಡು ದಿನ ಮರಿ ತಿನ್ನದಿದ್ದರೆ ಚಿಂತೆ ಬೇಡ, ಹೊಟ್ಟೆಯಲ್ಲಿ ಮೊಟ್ಟೆಯ ಹಳದಿ ಭಾಗದ ಅಂಶ ಇನ್ನೂ ಇರುತ್ತದೆ.

ಒತ್ತಾಯದಿಂದ ತಿನ್ನಿಸುವುದರ ಬಗ್ಗೆ ನನಗೆ ಖಚಿತ ಅಭಿಪ್ರಾಯವಿದೆ. ಮನೆಯಲ್ಲಿ ಅದನ್ನು ಮಾಡಲೇಬೇಡಿ. ತಣ್ಣಗಿರುವ, ನೀರಿಲ್ಲದ ಮೈಯೊಳಗೆ ಹೋದ ಊಟ ಅರಗದೆ ಅಲ್ಲೇ ಕೊಳೆಯುತ್ತದೆ. ಮೆತ್ತಗಾದ ದವಡೆಯನ್ನು ಬಿಡಿಸಲು ಹೋದರೆ ಮುರಿಯಬಹುದು.

ಕೆಲವು ಗುರುತು ಕಂಡರೆ ಪಂಜರ ಸರಿಮಾಡುತ್ತಾ ಕೂರುವ ಸಮಯವಲ್ಲ. ಹಗಲಲ್ಲೇ ಕಣ್ಣು ಮುಚ್ಚಿ ಕೂರುವುದು, ಕೊಂಬೆಯಿಂದ ಬೀಳುವುದು, ಬಿಸಿಯಿಲ್ಲದಿದ್ದರೂ ಬಾಯಿ ತೆರೆದೇ ಇರುವುದು, ಬಾಯಲ್ಲಿ ಗುಳ್ಳೆ, ಊದಿದ ಕಣ್ಣು. ಅದೇ ದಿನ ಸರೀಸೃಪಗಳನ್ನು ನೋಡುವ ಪಶುವೈದ್ಯರ ಬಳಿ ಹೋಗಿ. ಊದಿದ ಕಣ್ಣಿಗೆ ವಿಟಮಿನ್ ಎ ಕೊರತೆ ಕಾರಣವಿರಬಹುದು, ಸೋಂಕೂ ಇರಬಹುದು. ವಿಟಮಿನ್ ಎ ಮತ್ತು ಡಿ3 ಎರಡೂ ಅತಿಯಾದರೆ ವಿಷ. ಅಂದಾಜಿನಲ್ಲಿ ಕೊಡಬೇಡಿ.

ಹೋಗುವಾಗ ತಾಜಾ ಹಿಕ್ಕೆ, ಪಂಜರದ ಫೋಟೊ, ಕೊಂಬೆಯ ತಾಪಮಾನ, ಟ್ಯೂಬಿನ ಹೆಸರು ಮತ್ತು ತಾರೀಖು ಒಯ್ಯಿರಿ. ಹಿಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾಕ್ಸಿಡಿಯಾ ಎಂಬ ಕರುಳಿನ ಸೂಕ್ಷ್ಮ ಪರಾವಲಂಬಿ ಅಥವಾ ಜಂತು ಇದೆಯೇ ಗೊತ್ತಾಗುತ್ತದೆ. ಎಕ್ಸ್‌ರೇ ಮೂಳೆಯ ಸ್ಥಿತಿ ತೋರಿಸುತ್ತದೆ. ಔಷಧಿಯ ಪ್ರಮಾಣವನ್ನು ಮರಿ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕದಲ್ಲಿ ಹಾಕುವುದರಿಂದ ತೂಕ ಬಹಳ ಮುಖ್ಯ. ಗ್ರಾಂನ ಹತ್ತನೇ ಒಂದು ಭಾಗದವರೆಗೆ ತೋರಿಸುವ ಚಿಕ್ಕ ತಕ್ಕಡಿಯೊಂದನ್ನು ಮರಿ ತಂದ ದಿನವೇ ತಂದಿಟ್ಟುಕೊಳ್ಳಿ. ಕೊಂಬೆಯ ತುಂಡಿನ ಮೇಲೆ ಕೂರಿಸಿ ತೂಗಿದರೆ ಅದಕ್ಕೆ ಗಾಬರಿಯೂ ಕಡಿಮೆ. ತೂಕ ಏರುತ್ತಿರುವ ಮರಿ ಒಂದು ದಿನ ಊಟ ಬಿಟ್ಟರೆ ಕಾದು ನೋಡಬಹುದು. ಇಳಿಯುತ್ತಿದ್ದರೆ, ಅದು ಚುರುಕಾಗಿಯೇ ಕಂಡರೂ, ಕಾಯಬೇಡಿ.