ಶಿವರಾತ್ರಿಯೊಳಗೆ ಹಿತ್ತಲ ಹದ ಮಾಡಿಕೊಳ್ಳಿ

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡುತ್ತದೆ ಎನ್ನುತ್ತಾರಲ್ಲ, ಕಲಬುರಗಿಯಲ್ಲಿ ಅದರ ಬೆನ್ನಿಗೇ ಬಿಸಿಲು ಬಂದು ಕೂರುತ್ತದೆ. ವಸಂತ ನಮ್ಮ ಕಡೆ ಪಂಚಾಂಗದಲ್ಲಷ್ಟೇ ಇದೆ. ಏಪ್ರಿಲ್‌ನಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ. ಹಾಗಾಗಿ ಸಂಕ್ರಾಂತಿ ಮುಗಿದ ಮೇಲೆ ಹಿತ್ತಲಲ್ಲಿ ಮಾಡುವ ಕೆಲಸವೆಲ್ಲ ಬೇಸಿಗೆಗೆ ಮಾಡುವ ತಯಾರಿಯೇ.

ಮೊದಲು ಮಣ್ಣು. ನಮ್ಮ ಕಡೆಯ ಎರೆಮಣ್ಣನ್ನು, ಅಂದರೆ ಕಪ್ಪು ಮಣ್ಣನ್ನು, ಹಸಿ ಇದ್ದಾಗ ಅಗೆದರೆ ಹೆಂಟೆಯಾಗಿ ಒಣಗಿ ಇಟ್ಟಂಗಿಯಾಗುತ್ತದೆ, ಪೂರ್ತಿ ಒಣಗಿದ್ದಾಗ ಗುದ್ದಲಿಯೇ ಇಳಿಯುವುದಿಲ್ಲ. ನೀರು ಬಿಟ್ಟು ನಾಲ್ಕೈದು ದಿನ ಕಾಯಿರಿ. ಗೇಣುದ್ದ ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ, ಸೊಂಟದೆತ್ತರದಿಂದ ಬಿಡಿ. ಬಿದ್ದು ಪುಡಿಪುಡಿಯಾಗಿ ಒಡೆದರೆ ಹದ ಬಂದಿದೆ. ಚಪ್ಪಟೆಯಾಗಿ ಅಂಟಿ ಕೂತರೆ ಇನ್ನೆರಡು ದಿನ ಬೇಕು. ಹದದಲ್ಲಿ ಅಗೆದ ಮೇಲೆ ಹತ್ತಡಿ ಉದ್ದ, ಹತ್ತಡಿ ಅಗಲದ ಜಾಗಕ್ಕೆ ಸುಮಾರು 25 ಕಿಲೋ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಒಂದು ಕಿಲೋ ಬೇವಿನ ಹಿಂಡಿ ಸೇರಿಸಿ. ಹಸಿ ಸಗಣಿ ಬೇಡ; ಗೊಣ್ಣೆಹುಳು, ಗೆದ್ದಲು ಎರಡನ್ನೂ ಕರೆದು ತರುತ್ತದೆ.

ಒಲೆಯ ಬೂದಿ, ಮೊಟ್ಟೆ ಸಿಪ್ಪೆ, ಸುಣ್ಣ ಹಾಕಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ಹುಳಿ ಮಣ್ಣಿನವರಿಗೆ. ನಮ್ಮ ಎರೆಯಲ್ಲಿ ಸುಣ್ಣದ ಹರಳು ಬೇಕಾದಷ್ಟಿದೆ, ರಸಸಾರ (ಪಿಎಚ್) ಸಾಮಾನ್ಯವಾಗಿ 8ರ ಆಸುಪಾಸು. ಮೇಲೆ ಗಡಸು ಬೋರ್ ನೀರು. ಇದರ ಫಲ ದಾಸವಾಳ, ಗುಲಾಬಿ, ನಿಂಬೆಯ ಎಳೆ ಎಲೆಯಲ್ಲಿ ಕಾಣುತ್ತದೆ: ಎಲೆ ಹಳದಿ, ನರ ಮಾತ್ರ ಹಸಿರು, ಬಲೆ ಹಾಸಿದಂತೆ. ಮಣ್ಣಲ್ಲಿ ಕಬ್ಬಿಣ ಇಲ್ಲದೆ ಹೀಗಾಗುವುದಲ್ಲ. ಸುಣ್ಣ ಅದನ್ನು ಬೇರಿಗೆ ಸಿಗಗೊಡುವುದಿಲ್ಲ. ಅದಕ್ಕೇ ಅನ್ನಭೇದಿಯನ್ನು (ಕಬ್ಬಿಣದ ಲವಣ, ಫೆರಸ್ ಸಲ್ಫೇಟ್) ಬುಡಕ್ಕೆ ಸುರಿದರೆ ದಂಡ. ಲೀಟರ್ ನೀರಿಗೆ 1 ಗ್ರಾಂ ಸಿಟ್ರಿಕ್ ಆಮ್ಲ, ಆಮೇಲೆ 5 ಗ್ರಾಂ ಅನ್ನಭೇದಿ ಕರಗಿಸಿ, ಸಂಜೆ ಎಲೆಗೆ ಸಿಂಪಡಿಸಿ. ಹದಿನೈದು ದಿನಕ್ಕೆ ಇನ್ನೊಮ್ಮೆ. ದ್ರಾವಣ ತಿಳಿ ಹಸಿರಿರಬೇಕು, ಕೆಂಪಗೆ ತಿರುಗಿದ್ದರೆ ಚೆಲ್ಲಿಬಿಡಿ. ಹಳೆಯ ಎಲೆ ಮೊದಲು ಹಳದಿಯಾಗಿದ್ದರೆ ಅದು ಹೆಚ್ಚಾಗಿ ಸಾರಜನಕದ ಕೊರತೆ, ಅದಕ್ಕೆ ಗೊಬ್ಬರವೇ ಮದ್ದು.

ಬೆಂಡೆ, ಚವಳಿ (ಗೋರಿಕಾಯಿ), ಹೀರೆ, ಸವತೆ, ಪುಂಡಿಪಲ್ಯೆ (ಗೋಂಗುರ), ರಾಜಗಿರಿ ಈಗಿನ ಬೀಜಗಳು. ಬೆಂಡೆ ಬೀಜ ರಾತ್ರಿಯಿಡೀ ನೆನೆಸಿ, ಒಂದು ಇಂಚು ಆಳಕ್ಕೆ, ಸಾಲಿಂದ ಸಾಲಿಗೆ ಒಂದೂವರೆ ಅಡಿ, ಗಿಡಕ್ಕೆ ಒಂದಡಿ ಬಿಟ್ಟು ಊರಿ. ಚಳಿ ಇನ್ನೂ ಗಟ್ಟಿ ಇರುವಾಗ ಹಾಕಿದರೆ ಮೊಳೆಯದೆ ಕೊಳೆಯುತ್ತದೆ. ಬೀದರ್ ಕಲಬುರಗಿಗಿಂತ ಎತ್ತರದಲ್ಲಿದೆ, ಅಲ್ಲಿ ಇನ್ನೊಂದು ವಾರ ತಡೆದರೆ ಒಳ್ಳೆಯದು. ಆದರೆ ಮಾರ್ಚ್‌ಗೆ ದೂಡಿದರೆ ಹೂ ಬಿಡುವ ಹೊತ್ತಿಗೆ ಬಿಸಿಲು 42 ಡಿಗ್ರಿ ಮುಟ್ಟಿ ಹೂವೆಲ್ಲ ಉದುರುತ್ತವೆ. ಫೆಬ್ರುವರಿ ಮೊದಲ ಹದಿನೈದು ದಿನದಲ್ಲಿ ಊರಿದ ಬೆಂಡೆ ಮಾರ್ಚ್ ಕೊನೆಯ ಸುಮಾರಿಗೆ ಎರಡು ಗೇಣಾಗಿ, ಮೊಗ್ಗಿನ ಹಂತ ತಲುಪುತ್ತದೆ. ಟೊಮೆಟೊ ಸಸಿಯನ್ನು ಈಗ ಹೊಸದಾಗಿ ನೆಡಬೇಡಿ. ಗಿಡ ಬೆಳೆದೀತು, ಸೆಕೆಯ ರಾತ್ರಿಗಳಲ್ಲಿ ಕಾಯಿ ಕಚ್ಚದು.

ಈ ಸೀಮೆಗೆ ಒಂದು ಅನುಕೂಲವಿದೆ: ತೊಗರಿ ರಾಶಿ ಮುಗಿಯುವುದೂ ಈಗಲೇ. ಹೊಟ್ಟು ಎರಡು ಚೀಲ ತಂದಿಟ್ಟುಕೊಳ್ಳಿ. ಸಸಿ ನಾಲ್ಕೆಲೆ ಆದಮೇಲೆ ಎರಡು ಮೂರು ಇಂಚು ದಪ್ಪ ಹಾಸಿದರೆ ಎರೆ ಬಿರುಕು ಬಿಟ್ಟು ಬೇರು ಹರಿಯುವುದು ತಪ್ಪುತ್ತದೆ. ಕಾಂಡದ ಸುತ್ತ ಎರಡು ಬೆರಳು ಜಾಗ ಖಾಲಿ ಇರಲಿ, ಇಲ್ಲವಾದರೆ ಗೆದ್ದಲು ಏರುತ್ತದೆ. ಮಣ್ಣಿಗೆ ಬೆರೆಸಬೇಡಿ, ಮೇಲಷ್ಟೇ ಇರಲಿ. ತೊಗರಿ ಕಟ್ಟಿಗೆ ಹೀರೆ, ಸವತೆ ಬಳ್ಳಿಗೆ ಪುಕ್ಕಟೆ ಆಸರೆ.

ಮಡಿಯನ್ನು ಮಳೆಗಾಲದಂತೆ ಎತ್ತರಿಸದೆ ನೆಲಮಟ್ಟಕ್ಕಿಂತ ಎರಡು ಇಂಚು ತಗ್ಗಿಸಿ, ನೀರು ನಿಂತು ಇಳಿಯಲಿ. ದಿನಾ ಚಿಮುಕಿಸುವುದಕ್ಕಿಂತ, ಗಿಡ ಬೇರುಬಿಟ್ಟ ಮೇಲೆ, ಮೂರು ದಿನಕ್ಕೊಮ್ಮೆ ಆಳಕ್ಕೆ ಇಳಿಯುವಷ್ಟು ಬಿಡುವುದು ಮೇಲು. ಚಿಮುಕಿಸಿದ ನೀರು ಆರಿ ಉಪ್ಪು ಬಿಳಿಯ ಪುಡಿಯಾಗಿ ಮೇಲೇ ಉಳಿಯುತ್ತದೆ.

ಕುಂಡಗಳ ಕತೆ ಬೇರೆ. ಬರೀ ಎರೆ ತುಂಬಿದ ಕುಂಡ ಒಣಗಿದಾಗ ಮಣ್ಣು ಕುಗ್ಗಿ ಗೋಡೆಯಿಂದ ಬೆರಳಗಲ ಸರಿಯುತ್ತದೆ. ಹಾಕಿದ ನೀರು ಆ ಸಂದಿಯಲ್ಲೇ ಜಾರಿ ಕೆಳಗೆ ಹರಿಯುತ್ತದೆ, ನೋಡಿದವರಿಗೆ ಗಿಡ ಕುಡಿದಂತೆ ಕಾಣುತ್ತದೆ. ಬೀದರ್ ಕಡೆಯ ಕೆಮ್ಮಣ್ಣು ಎರಡು ಪಾಲು, ಎರೆಹುಳು ಗೊಬ್ಬರ ಒಂದು, ತೆಂಗಿನ ನಾರಿನ ಪುಡಿ ಒಂದು ಪಾಲು ಬೆರೆಸಿ. ಶಹಾಬಾದ್ ಫರಸಿ ಹಾಸಿದ ಅಂಗಳದಲ್ಲಿ ಕುಂಡವನ್ನು ನೇರ ಇಡಬಾರದು. ಮಧ್ಯಾಹ್ನ ಕಾದ ಕಲ್ಲು ಸಂಜೆ ಕಳೆದರೂ ಬೇರನ್ನು ಬೇಯಿಸುತ್ತಿರುತ್ತದೆ. ಎರಡು ಇಟ್ಟಂಗಿಯ ಮೇಲೆ ಕೂರಿಸಿ, ಪಡುವಣ ಬಿಸಿಲಿಗೆ 50 ಪ್ರತಿಶತ ನೆರಳಿನ ಬಲೆ ಕಟ್ಟಿ.

ಕತ್ತರಿ ಹಿಡಿಯುವವರು ದುಂಡು ಮಲ್ಲಿಗೆಯನ್ನು ಜನವರಿ ಮುಗಿಯುವುದರೊಳಗೆ ನೆಲದಿಂದ ಒಂದೂವರೆ ಅಡಿಗೆ ಕತ್ತರಿಸಿ, ಎಲೆ ಉದುರಿಸಿ ಗೊಬ್ಬರ ಕೊಡಿ. ಗುಲಾಬಿಯಲ್ಲಿ ಒಣಗಿದ ಕಡ್ಡಿ, ಬಾಡಿದ ಹೂ ತೆಗೆದರೆ ಸಾಕು. ಈಗ ಬುಡಮಟ್ಟ ಸವರಿದರೆ ಹೊಸ ಚಿಗುರು ಬಿಸಿಲಿಗೆ ಕರಕಲಾಗುತ್ತದೆ. ಹೂ ಬಿಟ್ಟ ಮಾವಿಗೆ ಕತ್ತರಿಯೂ ಬೇಡ, ಮಿಡಿ ಬಟಾಣಿ ಗಾತ್ರ ಆಗುವವರೆಗೆ ನೀರೂ ಬೇಡ.