ಗೇಟ್ ಸ್ಕೋರ್ 350 ಅಂದ್ರೆ ಶೇ 35 ಅಲ್ಲ ಮಾರಾಯ್ರೇ

ಪ್ರಶ್ನೆ: ಸರ್, ಎಂ.ಟೆಕ್ ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯಲ್ಲಿ ನನಗೆ 100ಕ್ಕೆ 55 ಅಂಕ. ಸ್ಕೋರ್ ಕಾರ್ಡಿನಲ್ಲಿ 625 ಅಂತಿದೆ. 550 ಇರಬೇಕಿತ್ತಲ್ವಾ? ಯಾರಿಗೆ ದೂರು ಕೊಡಬೇಕು?

ಯಾರಿಗೂ ಕೊಡಬೇಡಿ, ಎರಡೂ ಸರಿಯಾಗಿಯೇ ಇವೆ. ಫಲಿತಾಂಶ ಬಂದಾಗಲೆಲ್ಲ ಇದೇ ಪ್ರಶ್ನೆ. ಈ ಸಲ ಲೆಕ್ಕ ಸಮೇತ ಹೇಳಿಬಿಡುತ್ತೇನೆ.

ಅಂಕಕ್ಕೆ ಒಂದು ಸೊನ್ನೆ ಸೇರಿಸಿದರೆ ಸ್ಕೋರ್ ಆಗುವುದಿಲ್ಲ. ಈ ಭ್ರಮೆಯ ಬೇರು ಇರುವುದು 350 ಎಂಬ ಸಂಖ್ಯೆಯಲ್ಲಿ. ಎಸ್ಸೆಸ್ಸೆಲ್ಸಿಯ ಹಳೆಯ ಪಾಸ್ ಅಂಕ 35 ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, 350 ಕಂಡ ಕೂಡಲೇ 'ಓ, ಶೇ 35, ಜಸ್ಟ್ ಪಾಸ್' ಅಂದುಬಿಡುತ್ತೇವೆ. ಬಿ.ಇ. ಮುಗಿಸಿದವರೂ ಹೀಗೇ ಹೇಳುವಾಗ ಸಂಕಟವಾಗುತ್ತದೆ!

ಅಂಕವನ್ನು ಸ್ಕೋರ್ ಮಾಡುವ ಸೂತ್ರದಲ್ಲಿ ಎರಡು ಗೂಟಗಳಿವೆ. ಸಾಮಾನ್ಯ ವರ್ಗದ ಅರ್ಹತಾ ಅಂಕ ಎಷ್ಟೇ ಇರಲಿ, ಅಷ್ಟು ಪಡೆದವರ ಸ್ಕೋರ್ 350. ಆ ಪತ್ರಿಕೆ ಬರೆದವರಲ್ಲಿ ಮೊದಲ ಶೇ 0.1 ಅಥವಾ ಮೊದಲ ಹತ್ತು ಮಂದಿ, ಯಾವ ಗುಂಪು ದೊಡ್ಡದೋ ಅದರ ಸರಾಸರಿ ಅಂಕಕ್ಕೆ 900. ನಿಮ್ಮ ಅಂಕ ಇವೆರಡರ ನಡುವೆ ಎಲ್ಲಿ ಬೀಳುತ್ತದೆ ಅನ್ನುವುದಷ್ಟೇ ಲೆಕ್ಕ.

ಅರ್ಹತಾ ಅಂಕ 30, ಮೇಲಿನವರ ಸರಾಸರಿ 80 ಅಂತಿಟ್ಟುಕೊಳ್ಳಿ. 55 ಅಂದರೆ ಸರಿಯಾಗಿ ಅರ್ಧ ದಾರಿ. 350ರಿಂದ 900ಕ್ಕೆ ಅರ್ಧ ದಾರಿ ಎಷ್ಟು? 625. ಸಿಕ್ಕಿತಲ್ಲ? ಇನ್ನೊಂದು ಪತ್ರಿಕೆ ಕಷ್ಟವಿತ್ತು, ಅಲ್ಲಿ ಅದೇ ಗೂಟಗಳು 25 ಮತ್ತು 65 ಅನ್ನಿ. ಆಗ ಅದೇ 55 ಮುಕ್ಕಾಲು ದಾರಿ ದಾಟಿರುತ್ತದೆ, ಸ್ಕೋರ್ ಸುಮಾರು 762. ಹಾಗಾಗಿ 'ಸಿವಿಲ್‌ನವನಿಗೂ 55, ನನಗೂ 55' ಎಂಬ ಹೋಲಿಕೆಯೇ ದಂಡ. ಒಂದೇ ವಿಷಯದ ಪರೀಕ್ಷೆ ಹಲವು ಪಾಳಿಗಳಲ್ಲಿ ನಡೆದಿದ್ದರೆ ಮೊದಲು ಅಂಕಗಳನ್ನೇ ಸಮ ಮಾಡಿಕೊಂಡು, ಆಮೇಲೆ ಈ ಸೂತ್ರ ಹಾಕುತ್ತಾರೆ.

ಸ್ಕೋರ್ ಮೂರು ವರ್ಷ ಚಾಲ್ತಿಯಲ್ಲಿರುವುದಕ್ಕೂ ಅರ್ಥ ಬರುವುದು ಇದರಿಂದಲೇ. ಒಂದು ವರ್ಷದ ಪತ್ರಿಕೆ ಸುಲಭ, ಮರುವರ್ಷದ್ದು ಕಠಿಣ ಇರಬಹುದು. ಬರೀ ಅಂಕ ಹಿಡಿದು ಇಬ್ಬರನ್ನು ತೂಗಲಾಗದು.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಬಿ.ಇ. ಮೂರನೇ ವರ್ಷದಲ್ಲೇ ಗೇಟ್ ಬರೆಯಬಹುದು. ಚೆನ್ನಾಗಿ ಬಂದರೆ ಡಿಗ್ರಿ ಮುಗಿದ ಮೇಲೂ ಆ ಸ್ಕೋರ್ ಉಪಯೋಗಕ್ಕೆ ಬರುತ್ತದೆ. ಬರದಿದ್ದರೂ ಪರದೆಯ ಮೇಲಿನ ಕ್ಯಾಲ್ಕುಲೇಟರಿನ ಪರಿಚಯವಾಗುತ್ತದೆ. ನಾಲ್ಕು ವರ್ಷ ಕೈಯಲ್ಲಿ ಕ್ಯಾಸಿಯೋ ಹಿಡಿದು ಬೆಳೆದವರು ಅಲ್ಲಿ ಮೌಸ್‌ನಲ್ಲಿ ಒಂದೊಂದೇ ಅಂಕಿ ಒತ್ತುತ್ತಾ ಒದ್ದಾಡುತ್ತಾರೆ. ಸ್ವಂತ ಕ್ಯಾಲ್ಕುಲೇಟರ್ ಒಳಗೆ ಬಿಡುವುದಿಲ್ಲ. ಅಣಕು ಪರೀಕ್ಷೆ ಬರೆಯುವಾಗಲೇ ಅದನ್ನು ಮೇಜಿನ ಡ್ರಾಯರಿಗೆ ಹಾಕಿ.